ಬೀಸುವ ದೊಣ್ಣೆಗೆ ಎದುರಾಗಿ

ಸಿಡ್ನಿಯ ಟರ್ಫ್ ಮೇಲೆ ಸೀಟಿ ಕೇಳಿಸಿದಾಗ ಊರ್ಮಿಳಾ ಗೋಲ್ ಗೆರೆಯಿಂದ ಆರು ಹೆಜ್ಜೆ ಮುಂದಿದ್ದಳು. ಮುಖಕ್ಕೆ ಮಾಸ್ಕ್, ಮಂಡಿಗೆ ಗಾರ್ಡ್, ಕೈಯಲ್ಲಿ ಹಾಕಿ ಸ್ಟಿಕ್. ಅಂಪೈರ್ ಅವಳತ್ತ ಕೈ ತೋರಿಸಿ, ಅದೇ ಕೈಯನ್ನು ಸೆಂಟರ್ ಲೈನಿನತ್ತ ತಿರುಗಿಸಿದ. ಪೆನಾಲ್ಟಿ ಕಾರ್ನರಿನಲ್ಲಿ ಬಾಲ್ ಹೊರಡುವ ಮೊದಲೇ ಗೆರೆ ದಾಟಿದ್ದಾಳೆ, ಇನ್ನು ಅಲ್ಲಿ ಹೋಗಿ ನಿಲ್ಲಬೇಕು ಎಂದು ಅದರ ಅರ್ಥ.

"ಇವನ ಕಣ್ಣಾಗ ಮಣ್ಣ ಬಿದ್ದೈತೇನು! ಬಾಲ್ ಹೊಂಟ ಮ್ಯಾಲೇ ನಾ ಹೊಂಟೀನಿ!"

ಮಾಸ್ಕಿನೊಳಗೆ ಹೀಗೆ ಬೈಯುವುದು ಅವಳ ಹಳೆಯ ಚಾಳಿ. ಜರ್ಮನಿಯ ಪರ ನೂರ ನಲವತ್ತೆರಡು ಪಂದ್ಯ ಆಡಿ, ಹತ್ತಾರು ದೇಶದ ಅಂಪೈರುಗಳನ್ನು ಗದಗಿನ ಕನ್ನಡದಲ್ಲಿ ಬೈದು ದಕ್ಕಿಸಿಕೊಂಡವಳು.

ಈ ಅಂಪೈರ್ ಮಾತ್ರ ಎರಡು ಹೆಜ್ಜೆ ಹತ್ತಿರ ಬಂದ. ತುಟಿಯಂಚಿನ ನಗುವನ್ನು ಕಷ್ಟಪಟ್ಟು ಅದುಮಿ, "ಮಣ್ಣೂ ಬಿದ್ದಿಲ್ಲ, ಕಲ್ಲೂ ಬಿದ್ದಿಲ್ಲ ಮೇಡಂ. ಸೆಂಟರ್ ಲೈನಿಗೆ ಹೋಗಿ" ಎಂದ.

ಅಚ್ಚ ಮೈಸೂರು ಕನ್ನಡ! ಊರ್ಮಿಳಾಳ ಕಿವಿ ಬಿಸಿಯಾಯಿತು. ಸೆಂಟರ್ ಲೈನಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ತನ್ನವರು ಗೋಲ್ ಬಿಟ್ಟುಕೊಡುವುದನ್ನು ನೋಡಿದಳು. ಅದೇ ಗೋಲಿನಿಂದ ಮೆಲ್ಬರ್ನ್‌ನ ಅವಳ ಕ್ಲಬ್ ಸೋತಿತು.

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಊರ್ಮಿಳಾಳ ಕೆಲಸವೇ ಬೀಸುವ ದೊಣ್ಣೆಗೆ ಎದುರಾಗಿ ಓಡುವುದು. ಪೆನಾಲ್ಟಿ ಕಾರ್ನರಿನಲ್ಲಿ ಹೊಡೆಯುವವಳ ಕಾಲಬುಡಕ್ಕೆ ಮೊದಲು ನುಗ್ಗುವವಳು ಅವಳು. ಎರಡು ಬೆರಳು ಮುರಿದದ್ದು, ಒಂದು ಹಲ್ಲು ಹೋದದ್ದು ಅದಕ್ಕೇ. ಅವಳ ಅವ್ವ ಹೇಮಲತಾ ಬೆಟಗೇರಿಯಿಂದ ಮಾನ್‌ಹೈಮ್‌ಗೆ ನರ್ಸ್ ಆಗಿ ಹೋದವರು. "ನಮ್ಮ ಓಣ್ಯಾಗ ಗಂಡು ಹುಡುಗರು ಹಾಕಿ ಆಡ್ತಿದ್ರು, ನಾವು ಕಟ್ಟಿ ಮ್ಯಾಲ ಕುಂತು ನೋಡ್ತಿದ್ವಿ. ನೀ ಆಡು" ಎಂದು ಮಗಳ ಕೈಗೆ ಸ್ಟಿಕ್ ಕೊಟ್ಟಿದ್ದರು.

ವಯಸ್ಸು ಮೂವತ್ತೆರಡಾದ ಮೇಲೆ ಜರ್ಮನಿಯ ಕೋಚ್ ಅವಳನ್ನು ತಂಡದಿಂದ ಕೈಬಿಟ್ಟರು. ಮೊದಲ ಎರಡು ಹೆಜ್ಜೆ ನಿಧಾನವಾಗಿದೆಯಂತೆ. ಅದು ಸುಳ್ಳೆಂದು ತೋರಿಸಲಿಕ್ಕೇ ಅವಳು ಈ ಸೀಸನ್ ಮೆಲ್ಬರ್ನ್‌ಗೆ ಬಂದು, ಅಲ್ಲಿನ ಬಡಾವಣೆ ಟಾರ್ನೀಟ್‌ನಲ್ಲಿ ಚಿಕ್ಕಮ್ಮನ ಮಗಳು ಕೃಪಾಳ ಮನೆಯಲ್ಲಿ ಉಳಿದುಕೊಂಡಿದ್ದಳು. ಸಿಡ್ನಿಯ ಪಂದ್ಯವನ್ನು ಕೋಚ್ ಆನ್‌ಲೈನಿನಲ್ಲಿ ನೋಡಿದ್ದರು. ಸೋಮವಾರ ಅವರ ಮೇಲ್ ಬಂತು. ಸಮಯಕ್ಕೆ ತಲುಪಲಾರದವರೇ ಮುಂಚೆ ಹೊರಡುವುದು ಊರ್ಮಿ, ಸೆಪ್ಟೆಂಬರಿನಲ್ಲಿ ನಿನಗೊಂದು ಫೇರ್‌ವೆಲ್ ಮ್ಯಾಚ್ ಇಡೋಣ, ಎಂದಿತ್ತು.

ಗಾಯದ ಮೇಲೆ ಬರೆ. ಊರ್ಮಿಳಾ ಅಳಲಿಲ್ಲ; ಶೂ ಕಟ್ಟಿಕೊಂಡು ಓಡಲು ಹೋದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೆಲ್ಬರ್ನ್‌ನ ಕ್ಲಬ್ಬಿನ ಟರ್ಫ್ ಬೇಲಿಯ ಬಳಿ ಅದೇ ಅಂಪೈರ್ ನಿಂತಿದ್ದ. ಹೆಸರು ಸುಘೋಷ್. ವಾರವೆಲ್ಲ ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕೋಡಿಂಗ್, ವಾರಾಂತ್ಯಕ್ಕೆ ಸೀಟಿ. ಬಗಲಲ್ಲಿ ಲ್ಯಾಪ್‌ಟಾಪ್, ಮುಖದಲ್ಲಿ ಪರೀಕ್ಷೆ ಬರೆಯಲು ಬಂದವನ ಕಳೆ.

"ವಿಡಿಯೋ ಇಪ್ಪತ್ಮೂರು ಸಲ ನೋಡಿದೆ" ಎಂದ. "ಬಾಲ್ ಹೊರಟಾಗ ನಿಮ್ಮ ಕಾಲು ಗೆರೆ ಹಿಂದೇನೇ ಇತ್ತು. ತಪ್ಪು ನಂದು."

ಅವನು ಒಂದೊಂದೇ ಫ್ರೇಮ್ ತೋರಿಸಿದ. ಹೌದು, ಬಾಲ್ ಹೊರಟಿತ್ತು. ಅವಳ ಶೂ ಗೆರೆಯ ಹಿಂದಿತ್ತು. ಮುಂದಿನ ಫ್ರೇಮುಗಳಲ್ಲಿ ಅವಳು ಬಾಣ.

"ಹಂಗಾರ ಸೀಟಿ ಯಾಕ ಊದಿದಿ?"

ಸುಘೋಷ್ ಕಣ್ಣು ತಗ್ಗಿಸಿದ. "ಅಷ್ಟು ಬೇಗ ಯಾರೂ ಬರೋಕಾಗಲ್ಲ ಅಂದ್ಕೊಂಡೆ. ನಿಧಾನ ಆಗಿದ್ದೀರಿ ಅಂತ ಎಲ್ಲ ಕಡೆ ಓದಿದ್ದೆ. ಕಣ್ಣು ಕಂಡಿದ್ದನ್ನ ನಂಬಲಿಲ್ಲ, ಓದಿದ್ದನ್ನ ನಂಬಿದೆ."

ಊರ್ಮಿಳಾಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ತಂಡದಿಂದ ಹೊರಬಿದ್ದ ಮೇಲಿನ ಒಂಬತ್ತು ತಿಂಗಳಲ್ಲಿ ಅವಳ ಕಾಲುಗಳನ್ನು ಹೊಗಳಿದವನು ಇವನೊಬ್ಬನೇ, ಅದೂ ತಪ್ಪು ಸೀಟಿ ಊದಿ.

"ಅಸೋಸಿಯೇಷನ್‌ಗೆ ಬರೆದುಕೊಟ್ಟಿದ್ದೀನಿ" ಎಂದ ಅವನು. "ನಮ್ಮ ಅಂಪೈರ್ಸ್ ಮ್ಯಾನೇಜರ್ ಇಂದ್ರೇಶ್ ಅಂಕಲ್ ಬೈದ್ರು. ನ್ಯಾಷನಲ್ ಅಂಪೈರ್ ಪ್ಯಾನಲ್ ಸೆಲೆಕ್ಷನ್ ಹತ್ತಿರ ಇರೋವಾಗ ತಪ್ಪು ಒಪ್ಕೊಳ್ಳೋನು ದಡ್ಡ ಅಂತೆ."

"ದಡ್ಡನೇ ನೀ" ಎಂದಳು ಊರ್ಮಿಳಾ. ಆದರೆ ದನಿಯಲ್ಲಿ ಬಿಸಿ ಇರಲಿಲ್ಲ.

ವಿಡಿಯೋ ಜರ್ಮನಿಗೆ ಹೋಯಿತು. ಒಂದು ಕ್ಲಿಪ್‌ನಿಂದ ಏನೂ ತೀರ್ಮಾನವಾಗದು, ಮುಂದಿನ ತಿಂಗಳ ಮೆಲ್ಬರ್ನ್ ಪಂದ್ಯ ನೋಡುತ್ತೇನೆ ಎಂದು ಕೋಚ್ ಉತ್ತರಿಸಿದರು. ಉಳಿದಿದ್ದು ನಾಲ್ಕು ವಾರ.

"ನನ್ನ ಪರ ವಕಾಲತ್ತು ಮಾಡಬ್ಯಾಡ" ಎಂದು ಅವಳು, ಕೋಚ್‌ಗೆ ತಾನೂ ಬರೆಯುತ್ತೇನೆಂದ ಸುಘೋಷ್‌ಗೆ ಫೋನಿನಲ್ಲಿ ಹೇಳಿದಳು. "ಪ್ರಾಯಶ್ಚಿತ್ತ ಮಾಡ್ಕೋಬೇಕಂದ್ರ ಬಾ, ಬಾಲ್ ತಳ್ಳು. ನಾ ಓಡ್ತೇನಿ."

ಅವನು ಪ್ರತಿ ಭಾನುವಾರ ಬೆಳಗಿನ ಮೊದಲ ವಿಮಾನ ಹತ್ತಿ ಬಂದ. ಗೆರೆಯಿಂದ ಬಾಲ್ ತಳ್ಳಿ ಕಣ್ಣು ಅವಳ ಶೂ ಮೇಲಿಡಬೇಕು, ಅದಷ್ಟೇ ಕೆಲಸ. ಕಣ್ಣು ಹೇಳಿದ ಕಡೆ ನಿಲ್ಲಲಿಲ್ಲ. ಮಾಸ್ಕ್ ತೆಗೆದಾಗ ಅವಳ ಕೆನ್ನೆಯಲ್ಲಿ ಉಳಿಯುವ ಕೆಂಪು ಗೆರೆಯ ಹತ್ತಿರ ಹೋಗಿ, ಸಿಕ್ಕಿಬಿದ್ದು, ಬೇಲಿಯ ಕಡೆ ಓಡುತ್ತಿತ್ತು.

"ಏನ್ ನೋಡ್ತಿ?"

"ಶೂ."

"ನನ್ನ ಶೂ ಗಲ್ಲದ ಮ್ಯಾಲ ಐತೇನು?"

ಅವನ ಕಿವಿ ಕೆಂಪಾಗುವುದನ್ನು ನೋಡಲೆಂದೇ ಅವಳು ಹಾಗೆ ಕೇಳುತ್ತಿದ್ದಳು. ಭಾನುವಾರ ಯಾವಾಗ ಬರುತ್ತದೋ ಎಂದು ಬುಧವಾರದಿಂದಲೇ ಚಡಪಡಿಸುವುದು ತರಬೇತಿಗಾಗಿ ಅಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಜರ್ಮನಿಯ ಟೀಮಿನಲ್ಲಿ ಮತ್ತೆ ಹೆಸರು ಬಂದ ದಿನ ಹೇಳೋಣ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸೋತವಳ ಪ್ರೀತಿ ಯಾರಿಗೆ ಬೇಕು?

ಪಂದ್ಯಕ್ಕೆ ಐದು ದಿನವಿರುವಾಗ ಒಂದು ಮೇಲ್ ಬಂತು. ಯಾವ ಪಂದ್ಯ ಒಪ್ಪಿಕೊಳ್ಳುವ ಮೊದಲೂ ಅಂಪೈರ್ ಒಂದು ಫಾರಂ ತುಂಬಬೇಕು. ಆಟಗಾರರ ಜೊತೆ ಸಂಬಂಧವೇನಾದರೂ ಇದೆಯೇ ಎಂದು ಅದರಲ್ಲಿ ಕೇಳಿರುತ್ತದೆ. ಎಲ್ಲರೂ ಇಲ್ಲ ಎಂದು ಬರೆದು ಮುಗಿಸುತ್ತಾರೆ. ಇದೆ ಎಂದರೆ ಅಸೋಸಿಯೇಷನ್ ಅದನ್ನು ಎರಡೂ ಕ್ಲಬ್‌ಗಳಿಗೆ ಕಳಿಸಬೇಕು. ಕ್ಯಾಪ್ಟನ್ ಆದ್ದರಿಂದ ಅದು ಊರ್ಮಿಳಾಳ ಇನ್‌ಬಾಕ್ಸ್‌ಗೇ ಬಂದು ಬಿದ್ದಿತ್ತು. ಸುಘೋಷ್ ಬರೆದಿದ್ದ: 'ಮೆಲ್ಬರ್ನ್ ತಂಡದ ಕ್ಯಾಪ್ಟನ್ ಅನ್ನು ನಾನು ಪ್ರೀತಿಸುತ್ತೇನೆ. ಅವರಿಗೆ ಇನ್ನೂ ತಿಳಿಸಿಲ್ಲ. ಈ ಪಂದ್ಯಕ್ಕೆ ನಾನು ಅರ್ಹನಲ್ಲ.'

ಭುಜದ ಮೇಲಿಂದ ಓದುತ್ತಿದ್ದ ಕೃಪಾ ಚೀರಿದಳು. "ಅಕ್ಕಾ, ಸಿಸಿ ಒಳಗ ಹದಿನಾಲ್ಕು ಮಂದಿ ಅದಾರ!"

ಊರ್ಮಿಳಾ ತಕ್ಷಣ ಫೋನ್ ಮಾಡಿದಳು. "ಅಸೋಸಿಯೇಷನ್ನಿಗೆ ಮೊದಲ ಹೇಳಿ, ನನಗ ಮೇಲ್ ಹಾಕಸ್ತಿಯೇನೋ?"

"ಅವರು ನಿಮಗೂ ಕಳಿಸ್ತಾರೆ ಅಂತ ಗೊತ್ತಿರ್ಲಿಲ್ಲ." ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. "ಒಂದು ಸಲ ನಿಮ್ಮ ವಿಷಯದಲ್ಲಿ ತಪ್ಪು ಮಾಡಿದ್ದೀನಿ. ಇನ್ನೊಂದು ಸಲ ಸುಳ್ಳು ಬರೆಯೋಕೆ ಕೈ ಬರಲಿಲ್ಲ."

"ನಿನ್ನ ಪ್ಯಾನಲ್?"

"ಈ ವರ್ಷ ಇಲ್ಲ ಅಂದ್ರು ಇಂದ್ರೇಶ್ ಅಂಕಲ್."

"ಶನಿವಾರ ಮ್ಯಾಚಿಗೆ ಬಾ. ಮಂದಿ ನಕ್ಕರ ನಗಲಿ. ಮುಂದಿನ ಸಾಲಿನಾಗ ಕುಂದ್ರು."

ಅವನು ಬಂದ. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹೊಡೆದರು, ಯಾರೋ ಫಾರಂ ತುಂಬಿದೆಯಾ ಎಂದು ಕೂಗಿದರು. ಅವನು ಜಾಗ ಬಿಟ್ಟು ಕದಲಲಿಲ್ಲ.

ಕೊನೆಯ ನಾಲ್ಕು ನಿಮಿಷದಲ್ಲಿ ಸಿಡ್ನಿಗೆ ಮೂರು ಪೆನಾಲ್ಟಿ ಕಾರ್ನರ್ ಸಿಕ್ಕವು. ಮೊದಲನೆಯದನ್ನು ಊರ್ಮಿಳಾ ಸ್ಟಿಕ್ಕಿನಿಂದ ತಡೆದಳು. ಎರಡನೆಯದು ಮಂಡಿಯ ಗಾರ್ಡಿಗೆ ಬಡಿದು ಸದ್ದು ಬೇಲಿಯ ತನಕ ಕೇಳಿಸಿತು. ಕುಂಟುತ್ತಲೇ ಮತ್ತೆ ಗೆರೆಗೆ ಹೋಗಿ ಬಾಗಿದಳು. ಮೂರನೆಯ ಸಲ ಹೊಡೆಯುವವಳು ಸ್ಟಿಕ್ ಹಿಂದಕ್ಕೆಳೆಯುವ ಮೊದಲೇ ಇವಳು ಬಾಲಿನ ಮೇಲಿದ್ದಳು. ಅಂಪೈರ್ ಸೀಟಿ ಊದಲಿಲ್ಲ. ಮೆಲ್ಬರ್ನ್ ಒಂದು ಗೋಲಿನಿಂದ ಗೆದ್ದಿತು.

ಬೆಂಚಿನ ಮೇಲೆ ಮಂಡಿಗೆ ಐಸ್ ಇಟ್ಟುಕೊಂಡಿರುವಾಗ ಕೋಚ್ ಫೋನ್ ಮಾಡಿದರು. ಭೇಷ್ ಎಂದರು. ಇಂಥ ಆಟಗಾರ್ತಿಗೆ ದೊಡ್ಡ ಬೀಳ್ಕೊಡುಗೆಯೇ ಆಗಬೇಕು, ಕ್ರೀಡಾಂಗಣ ತುಂಬಿಸುತ್ತೇವೆ ಎಂದರು.

"ಹೂಗುಚ್ಛ ಬೇಡ" ಎಂದಳು ಊರ್ಮಿಳಾ ಜರ್ಮನ್ ಭಾಷೆಯಲ್ಲಿ. "ಟ್ರಯಲ್ ಕೊಡಿ. ನನಗಿಂತ ಬೇಗ ಓಡುವವಳು ಸಿಕ್ಕರೆ ನಾನೇ ಅವಳಿಗೆ ಮಾಸ್ಕ್ ಕಟ್ಟುತ್ತೇನೆ. ಸಿಗುವ ತನಕ ನಾನು ಹೋಗುವುದಿಲ್ಲ."

ಎರಡು ವಾರದ ಕ್ಯಾಂಪ್, ಯಾವ ಭರವಸೆಯೂ ಇಲ್ಲ, ಎಂದು ಉತ್ತರ ಬಂತು.

ಅವಳು ಕುಂಟುತ್ತಾ ಮುಂದಿನ ಸಾಲಿನ ತನಕ ನಡೆದಳು. ಸುಘೋಷ್ ಎದ್ದು ನಿಂತ. ಪಕ್ಕದಲ್ಲೇ ಇಂದ್ರೇಶ್ ಅಂಕಲ್, ಅರ್ಧ ತಂಡ, ಕಣ್ಣರಳಿಸಿದ ಕೃಪಾ.

"ಗುರುವಾರ ಜರ್ಮನಿಗೆ ಹೊಂಟೀನಿ" ಎಂದಳು. "ಟ್ರಯಲ್ ಐತಿ."

"ಸೆಲೆಕ್ಟ್ ಆಗದಿದ್ರೆ?"

"ಆ ಲೆಕ್ಕ ನನಗ ಬಿಡು. ಹೆಸರು ಬಂದ ದಿನ ನಿನಗೊಂದು ಮಾತು ಹೇಳೂಣು ಅಂತ ಇಟ್ಕೊಂಡಿದ್ದೆ. ಯಾಕ ಕಾಯಬೇಕು? ನಿನ್ನ ಮ್ಯಾಲ ಜೀವ ಐತಿ ನನಗ. ಹೆಸರು ಬಂದ್ರೂ ಐತಿ, ಬರದಿದ್ರೂ ಐತಿ."

ಸುಘೋಷ್‌ನ ಕಣ್ಣು ತುಂಬಿತು. "ಲೀವ್ ಹಾಕ್ತೀನಿ. ಕ್ಯಾಂಪಿನ ಕೊನೇ ದಿನ ಅಲ್ಲಿರ್ತೀನಿ."

"ಸಮಾಧಾನ ಮಾಡಾಕ ಬರೂದಾದ್ರ ಬರಬ್ಯಾಡ."

"ನಿನ್ನ ಆಟ ನೋಡೋಕೆ ಬರ್ತೀನಿ."

ಆ ಒಂದು 'ನಿನ್ನ' ಸಾಕಾಯಿತು. ಊರ್ಮಿಳಾ ಅವನ ಕಾಲರ್ ಹಿಡಿದು ಎಳೆದು, ಅಷ್ಟೂ ಜನರ ಎದುರಿಗೆ ಮುತ್ತು ಕೊಟ್ಟಳು. ಇಂದ್ರೇಶ್ ಅಂಕಲ್ ಜೋರಾಗಿ ಕೆಮ್ಮಿದರು. ಅವಳು ಬಿಡಲಿಲ್ಲ.