ಅತ್ತಿಗೆಯ ಬಗ್ಗೆ ಇಂಗ್ಲಿಷಿನಲ್ಲಿ

“ನಿಮ್ಮ ಅಮ್ಮನ ಬಗ್ಗೆ ಎರಡು ಮಾತು ಹೇಳಿ, ಇಂಗ್ಲಿಷಲ್ಲಿ,” ಎಂದರು ಮೇಷ್ಟ್ರು.

“ಮೈ ಮದರ್ ಈಸ್ ಗುಡ್. ದೇ ಆರ್ ವೆರಿ ಸ್ಟ್ರಿಕ್ಟ್.”

“ಎಷ್ಟು ಜನ ಅಮ್ಮಂದಿರು ನಿಮಗೆ?”

“ಒಬ್ಬರೇ.”

“ಹಾಗಾದ್ರೆ ದೇ ಅಲ್ಲ, ಶಿ.”

“ಹೆತ್ತ ತಾಯಿನ ಅವಳು ಇವಳು ಅನ್ನೋದಾ?”

“ಇಂಗ್ಲಿಷಲ್ಲಿ ರಾಣಿನೂ ಶಿ, ಕಸ ಗುಡಿಸೋಳೂ ಶಿ.”

“ಮರ್ಯಾದೆ ಎಲ್ಲಿ ಹೋಯ್ತು ಮತ್ತೆ?”

“ಅದನ್ನ ದನಿಯಲ್ಲಿ ಇಟ್ಕೋಬೇಕು,” ಎಂದು ನಕ್ಕರು. ನಗುವಾಗ ಅವರ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಅತ್ತಿಗೆ ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನನಗೆ ನಾಚಿಕೆಯಾಯಿತು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ದೊಡ್ಡವಳಾದರೂ ನನಗೆ ‘ಅವಳು’ ಎನ್ನುವಷ್ಟು ಸಲಿಗೆ. ಅವಳು ನನ್ನನ್ನು ಬಾಯಿಬಡುಕಿ ಎಂದೇ ಕರೆಯುತ್ತಿದ್ದಳು. ಇಬ್ಬರಿಗೂ ಒಂದೇ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಗಳ ಚಾದರಗಳು ರಾಶಿರಾಶಿ ಅಲ್ಲಿಗೆ ಬರುತ್ತವೆ. ತೊಳೆದದ್ದನ್ನು ಇಬ್ಬರು ಎರಡು ಮೂಲೆ ಹಿಡಿದು, ಕೊಡವಿ, ಕಾದ ರೋಲರ್‌ಗಳ ನಡುವೆ ತೂರಿಸಬೇಕು. ಆಚೆ ಕಡೆ ಇಸ್ತ್ರಿಯಾಗಿ ಬೀಳುತ್ತದೆ.

ರೋಲರ್ ಮುಂದೆ ಎದೆಮಟ್ಟಕ್ಕೆ ಒಂದು ಕಂಬಿ ಇದೆ. ಕೈ ಸಿಕ್ಕಿಕೊಂಡರೆ ಅದನ್ನು ಒತ್ತಿದರೆ ಸಾಕು, ಮಷಿನ್ ನಿಲ್ಲಬೇಕು. ಚಾದರ ತಗುಲಿದರೂ ನಿಂತುಬಿಡುತ್ತಿತ್ತು, ಕೆಲಸ ಹಿಂದೆ ಬೀಳುತ್ತಿತ್ತು. ಅದಕ್ಕೇ ಮ್ಯಾನೇಜರ್ ಅದನ್ನು ತಂತಿಯಿಂದ ಬಿಗಿದು ಕಟ್ಟಿಸಿದ್ದರು. ಅತ್ತಿಗೆಯ ತೋಳು ಒಳಗೆ ಹೋದಾಗ ನಾವಿಬ್ಬರೂ ಒತ್ತಿದೆವು. ಕಂಬಿ ಅಲುಗಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ಹೋದಳು.

ತನಿಖೆಗೆ ಬರುವ ಅಧಿಕಾರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ತಿಳಿಯದು. ದುಭಾಷಿಯನ್ನು ಕೇಳಬಹುದಿತ್ತು. ಮ್ಯಾನೇಜರ್ ಬೇಡವೆಂದರು. “ನಮ್ಮ ಹೆಣ್ಣುಮಕ್ಕಳೇ ಸ್ವಂತ ಬಾಯಲ್ಲಿ ಹೇಳಲಿ. ಅದಕ್ಕೆ ತೂಕ ಜಾಸ್ತಿ,” ಎಂದರು. ಹಾಗೆ ಹೊರಗಿನಿಂದ ಮೇಷ್ಟ್ರನ್ನು ಕರೆಸಿದರು. ಪಾಳಿ ಮುಗಿದ ಮೇಲೆ ಬಟ್ಟೆ ಮಡಿಸುವ ಕೋಣೆಯಲ್ಲಿ ಒಬ್ಬೊಬ್ಬರಿಗೇ ಪಾಠ. ಅವತ್ತು ಆ ರೋಲರ್ ಹತ್ತಿರ ಇದ್ದ ಇನ್ನಿಬ್ಬರು ಹೆಂಗಸರ ಪಾಠ ಮೊದಲು, ನನ್ನದು ಕೊನೆಗೆ.

ಮೇಷ್ಟ್ರ ಪಾಠ ಕಿಟಕಿಯ ಹತ್ತಿರ ನಡೆಯುತ್ತಿತ್ತು. ಅಂಗಳದಲ್ಲಿ ಯಾರು ಹಾದುಹೋದರೂ ಅವರ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕು. ಲಾರಿ ಡ್ರೈವರ್ ಬಂದ: “ಐ ಲೈಕ್ ಹಿಮ್.” ಗೇಟಿನ ಕಾವಲುಗಾರರಿಬ್ಬರು ಬಂದರು: “ಐ ಡೋಂಟ್ ಟ್ರಸ್ಟ್ ದೆಮ್.” ಅಷ್ಟು ಜನರ ಬಗ್ಗೆ ಅಷ್ಟು ಸಲೀಸಾಗಿ ತೀರ್ಪು ಕೊಡುವುದು ನನಗೆ ಹೇಳಿ ಮಾಡಿಸಿದ ಕೆಲಸ. ಸತ್ತ ಮನೆಯಿಂದ ಬಂದವಳಿಗೆ ಅಲ್ಲಿ ಉಸಿರಾಡಲು ಆಗುತ್ತಿತ್ತು.

ಒಂದು ಸಂಜೆ ಅಂಗಳ ಖಾಲಿಯಿತ್ತು.

“ಯಾರೂ ಇಲ್ಲ. ನನ್ನ ಬಗ್ಗೆನೇ ಹೇಳಿ,” ಎಂದರು.

ನಾನು ಕಿಟಕಿಯನ್ನೇ ನೋಡುತ್ತಾ, “ಐ ಲೈಕ್ ಹಿಮ್,” ಎಂದೆ.

“ಎದುರಿಗೇ ಕೂತಿದ್ದೀನಿ. ಯು ಅನ್ನಬೇಕು.”

“ಅಷ್ಟು ಧೈರ್ಯ ಇಲ್ಲ ಮೇಷ್ಟ್ರೇ. ಸದ್ಯಕ್ಕೆ ಹಿಮ್ ಇರಲಿ.”

ಅವರು ಪಕ್ಕದಲ್ಲಿ ಮಡಿಸಿಟ್ಟಿದ್ದ ದಿಂಬಿನ ಚೀಲವೊಂದನ್ನು ಬಿಚ್ಚಿ ಮತ್ತೆ ಮಡಿಸಿದರು, ಅದೂ ಸೊಟ್ಟಗೆ. ನಾನು ಅದನ್ನು ಕಿತ್ತುಕೊಂಡು ನೆಟ್ಟಗೆ ಮಡಿಸಿದೆ. ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲು ತಡ ಮಾಡಿದೆವು.

ಮರುವಾರ ಮ್ಯಾನೇಜರ್ ಬಂದು ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿ ಹೋದರು. ಅಂದಿನ ಪಾಠ ಬೇರೆಯಾಗಿತ್ತು.

“ನನ್ನ ಹಿಂದೆನೇ ಹೇಳಿ. ಶಿ ವಾಸ್ ಕೇರ್‌ಲೆಸ್. ಐ ವಾರ್ನ್ಡ್ ಹರ್.”

“ಯಾರು ಈ ಶಿ?”

“ನಿಮ್ಮ ಅತ್ತಿಗೆ.” ದನಿ ಮೆತ್ತಗಿತ್ತು. “ಆಗಿದ್ದು ಹಾಗೇ ಅಂತ ಹೇಳಿದ್ರು.”

ನಾನು ಶುರುಮಾಡಿದೆ. “ಐ ವಾರ್ನ್ಡ್ ಶಿ...”

“ಶಿ ಅಲ್ಲ, ಹರ್.”

“ಸುಳ್ಳಿಗೂ ವ್ಯಾಕರಣ ಬೇಕಾ ಮೇಷ್ಟ್ರೇ?”

ಅವರು ತಲೆ ಎತ್ತಿದರು. ನಾನು ತಂತಿಯ ವಿಷಯ ಹೇಳಿದೆ. ಕಂಬಿ ಒತ್ತಿ ಒತ್ತಿ ನನ್ನ ಅಂಗೈ ಕಂದಿದ್ದನ್ನು ಹೇಳಿದೆ. ಅತ್ತಿಗೆ ಅಂಥ ಹೊತ್ತಿನಲ್ಲೂ ‘ನೀನು ದೂರ ಹೋಗು’ ಎಂದು ನನ್ನನ್ನು ತಳ್ಳಿದ್ದನ್ನೂ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. ಈಗ ಏನೋ ಹೇಳುತ್ತಾರೆ ಎಂದು ಕಾದೆ.

“ನಿಮ್ಮ ಕೆಲಸ ಹೋಗುತ್ತೆ,” ಎಂದರು. “ಇನ್ನೊಂದು ಸಲ ಹೇಳಿ. ಶಿ ವಾಸ್ ಕೇರ್‌ಲೆಸ್.”

ನಾನು ಎದ್ದು ಬಂದೆ. ಮನೆಯಲ್ಲಿ ಅಣ್ಣ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ಈಚೆಗೆ ಅವನು ಹಾಗೇ. “ತನಿಖೆ ದಿನ ನಾನೂ ಬರ್ತೀನಿ. ಅವಳು ಏನೂ ತಪ್ಪು ಮಾಡಿಲ್ಲ ಅಂತ ಒಬ್ಬರ ಬಾಯಲ್ಲಾದ್ರೂ ಕೇಳ್ಬೇಕು,” ಎಂದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಕೊಡಬೇಕಾದವಳು ನಾನು.

ಕೊನೆಯ ಪಾಠಕ್ಕೆ ಹೋದೆ. ಕೂರಲಿಲ್ಲ.

“ತಂತಿಗೆ ಇಂಗ್ಲಿಷಲ್ಲಿ ಏನಂತಾರೆ?”

ಅವರು ನನ್ನನ್ನೇ ನೋಡಿದರು. ಇಷ್ಟು ದಿನ ಕದ್ದು ನೋಡುತ್ತಿದ್ದ ಕಣ್ಣು ಈಗ ಎದುರಿಗೇ ನಿಂತಿತ್ತು. “ವೈರ್,” ಎಂದರು.

“ಅವರು ಕಟ್ಟಿದ್ರು ಅನ್ನೋಕೆ?”

ಹೊರಗೆ ಲಾರಿಯೊಂದು ಬಟ್ಟೆ ಇಳಿಸಿ ಹೊರಟುಹೋಯಿತು.

“ದೇ ಟೈಡ್ ಇಟ್,” ಎಂದರು ಮೇಷ್ಟ್ರು. ಆಮೇಲೆ ತಾವಾಗಿಯೇ, “ಅವಳು ಜಾಗರೂಕಳಾಗಿದ್ದಳು ಅನ್ನೋಕೆ, ಶಿ ವಾಸ್ ಕೇರ್‌ಫುಲ್,” ಎಂದರು. ಒಂದೊಂದನ್ನೂ ನನ್ನ ಬಾಯಲ್ಲಿ ಹೇಳಿಸಿದರು. ನನ್ನ ಕಣ್ಣಲ್ಲಿ ನೀರು. ಅವರು ಕೈ ಚಾಚಿ ನನ್ನ ಕೆನ್ನೆ ಒರೆಸಿದರು. ಆ ಗಳಿಗೆಯಲ್ಲಿ ಅವರು ಎಲ್ಲಿಗೆ ಕರೆದಿದ್ದರೂ ಹೋಗುತ್ತಿದ್ದೆ.

ತನಿಖೆಯ ದಿನ ಅಣ್ಣ ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಮೇಷ್ಟ್ರು ಬಾಗಿಲ ಬಳಿ. ಮೊದಲು ಆ ಇಬ್ಬರು ಹೆಂಗಸರನ್ನು ಕರೆದರು.

ಒಬ್ಬಳು ಎದ್ದು ಹೇಳಿದಳು: “ಶಿ ವಾಸ್ ಕೇರ್‌ಲೆಸ್. ಐ ವಾರ್ನ್ಡ್ ಹರ್.” ಇನ್ನೊಬ್ಬಳೂ ಅದನ್ನೇ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಹರ್ ಇದ್ದಲ್ಲಿ ಹರ್, ಶಿ ಇದ್ದಲ್ಲಿ ಶಿ. ಮೇಷ್ಟ್ರು ಎಲ್ಲಿ ದನಿ ಇಳಿಸುತ್ತಾರೋ ಅಲ್ಲೇ ಇಳಿಸಿದರು. ಅಣ್ಣನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ. ಅವನು ಎರಡೂ ಸಲ ಕಣ್ಣು ಮುಚ್ಚಿಕೊಂಡ.

ನನ್ನ ಸರದಿ ಬಂತು. ಕಲಿತದ್ದನ್ನೆಲ್ಲ ಹೇಳಿದೆ. ಕೈಸನ್ನೆ ಮಾಡಿ ತಂತಿ ಸುತ್ತಿದ ರೀತಿ ತೋರಿಸಿದೆ. ಅಧಿಕಾರಿ ಬರೆದುಕೊಂಡು, ಕಂಬಿಯನ್ನು ಹೋಗಿ ನೋಡಿದರು. ತಂತಿಯನ್ನು ಎಂದೋ ಬಿಚ್ಚಿಹಾಕಿದ್ದರು.

ಮಾರನೆಯ ದಿನವೇ ನನ್ನ ಕೆಲಸ ಹೋಯಿತು. ಆ ಪದಗಳನ್ನು ನನಗೆ ಕೊಟ್ಟವರು ಯಾರೆಂದು ಮ್ಯಾನೇಜರಿಗೆ ಗೊತ್ತಾಗದೆ ಇರುತ್ತದೆಯೇ? ಮೇಷ್ಟ್ರನ್ನೂ ಕಳಿಸಿದರು. ಕೆಲವು ವಾರಗಳ ನಂತರ ವರದಿ ಬಂತು. ಇಬ್ಬರ ಮಾತು ಒಂದಾಗಿತ್ತು, ನನ್ನದು ಒಂಟಿ. ಸತ್ತವಳ ಅಜಾಗರೂಕತೆಯೇ ಕಾರಣ ಎಂದಿತ್ತು. ಅಣ್ಣ ಅದನ್ನು ಓದಿ ಮಡಿಸಿಟ್ಟ. ಅಂದಿನಿಂದ ಅತ್ತಿಗೆಯ ಹೆಸರು ಎತ್ತಿಲ್ಲ.

ಮೇಷ್ಟ್ರು ಬಸ್‌ಸ್ಟಾಪಿನಲ್ಲಿ ಸಿಕ್ಕರು. ಸಿಕ್ಕರು ಎಂದರೆ, ನನಗಾಗಿ ಕಾಯುತ್ತಿದ್ದರು. ಗಡ್ಡ ಬಂದಿತ್ತು.

“ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ,” ಎಂದರು. “ಮದುವೆ ಆಗೋಣ. ಬೇರೆ ಎಲ್ಲಾದ್ರೂ ಹೋಗಿ ಬದುಕೋಣ.”

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು ಅದು.

“ನನಗೂ ನೀವು ಅಂದ್ರೆ ಪ್ರಾಣ,” ಎಂದೆ. “ಒಂದು ಕೇಳ್ತೀನಿ. ನನಗೆ ನಿಜ ಹೇಳೋಕೆ ಕಲಿಸಿದ್ರಿ. ಅವರಿಬ್ಬರಿಗೆ ಯಾಕೆ ಕಲಿಸಲಿಲ್ಲ? ನಾನು ತಂತಿ ವಿಷಯ ಹೇಳಿದ ಮೇಲೂ ಅವರಿಗೆ ಪಾಠ ಇತ್ತಲ್ಲ.”

“ಅವರು ಕೇಳಲಿಲ್ಲ.”

“ನಾನೂ ಕೇಳದೆ ಇದ್ದಿದ್ರೆ?”

ಅವರು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದೆ, ನಂಬಬೇಕೆಂದೇ ಕೇಳಿದ್ದೆ.

“ಕಲಿಸ್ತಿರಲಿಲ್ಲ,” ಎಂದರು.

ಆ ಒಂದು ಮಾತಿಗೆ ಅವರ ಮೇಲೆ ಇದ್ದ ಪ್ರೀತಿ ಇನ್ನೂ ಹೆಚ್ಚಾಯಿತು. ಅದೇ ಮಾತಿನಿಂದ ಅವರನ್ನು ಅಣ್ಣನ ಮನೆಯ ಹೊಸ್ತಿಲಿಗೆ ಕರೆದೊಯ್ಯುವುದು ಈ ಜನ್ಮದಲ್ಲಿ ಆಗದು ಎಂದೂ ತಿಳಿಯಿತು. ಅವರ ಕೈಯನ್ನು ಒಮ್ಮೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ಅಳುತ್ತಿದ್ದರು. ಬಸ್ಸು ಬಂತು, ನಾನು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ.