ಸೊನ್ನೆ ತೋರಿಸಬೇಕಿದ್ದ ಮೀಟರ್

ಸಂಜೆಯೊಳಗೆ ಮೋಟಾರಿನ ರೋಗ ಪತ್ತೆಯಾಗಬೇಕು, ಅದೂ ಮಡುವಿನಿಂದ ಮೇಲೆತ್ತದೆಯೇ. ಫರ್ಜಾನಾ ಒಪ್ಪಿಕೊಂಡು ಬಂದ ಕೆಲಸ ಇಷ್ಟೇ. ಗಜೇಂದ್ರಗಡದ ಗುಡ್ಡಗಳ ಹಿಂದಿನ ಕೊರಕಲಿನ ಗವಿಯಲ್ಲೊಂದು ಮಡು. ಅದರಲ್ಲಿ ಮುಳುಗಿದ ಮೋಟಾರು ಮೇಲಿನ ಕುರಿಹಟ್ಟಿಗೆ ನೀರೆತ್ತುತ್ತಿತ್ತು. ತಿಂಗಳಿಂದ ಸೊರಗಿತ್ತು. ಎತ್ತಿಸಲು ಮೂರು ದಿನ ಬೇಕು. ಅಲ್ಲಿಯವರೆಗೆ ಹಟ್ಟಿಗೆ ಹನಿ ನೀರಿಲ್ಲ.

ರೋಣದಲ್ಲಿ ಮೋಟಾರು ರಿಪೇರಿ ಮಾಡುವ ಅವಳ ಚೀಲದಲ್ಲಿ ಕ್ಲ್ಯಾಂಪ್ ಮೀಟರ್ ಇತ್ತು. ತಂತಿ ಕತ್ತರಿಸುವುದು ಬೇಡ. ಇಕ್ಕಳದಂತೆ ಅದರ ಸುತ್ತ ಕಚ್ಚಿಸಿದರೆ ಒಳಗಿನ ಕರೆಂಟನ್ನು ಓದಿ ಹೇಳುತ್ತದೆ.

ಅವಳ ಜೊತೆಗಾರ ದುರಗೇಶ ಕೊರಕಲಿನ ನೆತ್ತಿಯಲ್ಲಿ, ಸ್ಟಾರ್ಟರಿನ ಬಳಿ ನಿಂತ. ಕೆಳಗೆ ಫೋನು ಹತ್ತುವುದಿಲ್ಲ. ಫರ್ಜಾನಾ ಓಢಣಿ ಬೀಸಿದರೆ ಬಂದ್ ಮಾಡಬೇಕೆಂದು ಮಾತಾಯಿತು. ಹಾದಿ ತೋರಿಸಲು ಮುದುಕ ಕುರಿಗಾರ ಮೈಲಾರಿ ಮುಂದಾದ. ನೆತ್ತಿಯ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಗುಂಯ್ ಎನ್ನುತ್ತಿದ್ದವು. ಕೆಳಗಿಳಿದಂತೆ ಆ ಸದ್ದು ಅಡಗಿ, ಕೆಂಪು ಬಂಡೆಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದವು. ಕಾರೆ ಮುಳ್ಳು ತೋಳು ಗೀರಿತು. ಉಸುಕಿನಲ್ಲಿ ತೋಳದ ಹೆಜ್ಜೆ ಇನ್ನೂ ಹಸಿಯಾಗಿತ್ತು. ಮೈಲಾರಿ ಅದನ್ನು ದಾಟಿ ನಡೆದ, ಮಾತು ಮಾತ್ರ ನಿಲ್ಲಿಸಲಿಲ್ಲ.

"ಒಂದ ತಿಂಗಳಾತು ತಂಗಿ, ಮಡುವಿಗೆ ತಾಯಿ ಬಂದಾಳ. ನೀರಾಗ ಕಾಲ ಇಟ್ರ ಜುಮ್ ಅಂತೈತಿ. ನಮ್ಮ ಹಟ್ಟಿ ಹುಚ್ಚವ್ವನ ಮೊಣಕಾಲ ನೋವು ಅರ್ಧಾ ಹೋತು."

"ನನಗೂ ಒಲೀತಾಳೇನ್ ಕಾಕಾ?"

"ಬರೇ ಮೀಟರ್ ತಂದ್ರ ಹ್ಯಾಂಗ ಒಲೀತಾಳ? ಕಾಯಿ ತರಬೇಕಿತ್ತು."

ಗವಿಯ ಬಾಯಲ್ಲಿ ಫರ್ಜಾನಾ ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಾಲಡಿ ಒತ್ತಿಕೊಂಡಳು. ನೀರೆಷ್ಟಿದೆ ನೋಡಿ ಬರುತ್ತೇನೆಂದು ಅವನು ಇಳಿದ. ಮೋಟಾರು ಓಡುತ್ತಿತ್ತು. ಗವಿಯ ಬಾಯಲ್ಲೇ ಹಾದುಹೋದ ಕೇಬಲ್ಲಿನ ಮೂರು ತಂತಿಗಳನ್ನು ಅವಳು ಒಂದೊಂದಾಗಿ ಅಳೆಯಬೇಕಿತ್ತು. ಹಗ್ಗದ ಮೇಲೆ ಕಣ್ಣಿಟ್ಟಿದ್ದರಿಂದ ಕೈ ತಪ್ಪಿ ಮೂರನ್ನೂ ಸೇರಿಸಿ ಕಚ್ಚಿಸಿದಳು. ಹೊಸದಾಗಿ ಕೆಲಸ ಕಲಿಯುವವರು ಮಾಡುವ ತಪ್ಪು. ಮೂರನ್ನೂ ಒಟ್ಟಿಗೆ ಹಿಡಿದರೆ ಹೋಗುವುದು, ಬರುವುದು ಸರಿದೂಗಿ ಮೀಟರ್ ಸೊನ್ನೆ ತೋರಿಸುತ್ತದೆ.

ತೋರಿಸಲಿಲ್ಲ.

ಅವಳು ಮತ್ತೆ ನೋಡಿದಳು. ಅರ್ಧ ಆಂಪಿಯರ್. ಹೋದ ಕರೆಂಟು ತಂತಿಯಲ್ಲಿ ಪೂರ್ತಿ ವಾಪಸು ಬರುತ್ತಿಲ್ಲ. ಬೇರೆಲ್ಲೋ ಸೋರುತ್ತಿದೆ. ನೀರಿಗೆ.

ಜುಮ್.

ಬಗ್ಗಿ ನೋಡಿದರೆ ಮೈಲಾರಿ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಮಡುವಿಗೆ ಕೈಮುಗಿಯುತ್ತಿದ್ದ. ಕೂಗಿದಳು. ನೀರಿನ ಸದ್ದಿನಲ್ಲಿ ಕೂಗು ಮುಳುಗಿತು. ಅವನ ಬಲಗಾಲು ಮೇಲೆದ್ದಿತು.

ಹಗ್ಗ ಹಿಡಿದು ಹಿಂದಕ್ಕೆ ಬಿದ್ದಳು. ಅಂಗೈಯ ಚರ್ಮ ಕಿತ್ತುಬಂತು. ಮೈಲಾರಿ ಬಂಡೆಯ ಮೇಲೆ ಅಂಗಾತ ಉರುಳಿ, ಬೈಯತೊಡಗಿದ. ಆ ಬೈಗುಳ ಕೇಳಿಯೇ ಅವಳಿಗೆ ಉಸಿರು ಬಂತು. ಹಗ್ಗವನ್ನು ಕಾಲಡಿ ಒತ್ತಿಕೊಂಡೇ ಓಢಣಿ ಬೀಸಿದಳು. ಮೋಟಾರು ನಿಂತಿತು.

"ಕಾಕಾ, ಅದು ತಾಯಿ ಅಲ್ಲ. ಕರೆಂಟು."

ಅವನು ಬೈಗುಳ ನಿಲ್ಲಿಸಿ, ಚಪ್ಪಲಿ ಎಳೆದುಕೊಂಡು ಮೆಟ್ಟಿದ. ಆಮೇಲೆ, ನಾಳೆ ಹುಚ್ಚವ್ವ ಸೂಡಿ ಊರಿನಿಂದ ತನ್ನ ಅಕ್ಕತಂಗಿಯರನ್ನೆಲ್ಲ ಈ ನೀರಿಗಿಳಿಸಲು ಕರೆತರುವವಳಿದ್ದಳು ಎಂದ.

ದುರಗೇಶ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡು ಇಳಿದುಬಂದ. ಮಡುವಿನ ಅಂಚಿನಲ್ಲಿ ಕೇಬಲ್ಲು ಬಂಡೆಗೆ ಉಜ್ಜಿ ಉಜ್ಜಿ ಸವೆದಿತ್ತು. ಒಂದು ತಂತಿಯ ಅರ್ಧ ಎಳೆಗಳು ತುಂಡಾಗಿದ್ದವು. ಮೋಟಾರು ಸೊರಗಿದ್ದೂ ಅದರಿಂದಲೇ. ಕೆಟ್ಟ ಭಾಗ ಕತ್ತರಿಸಿ, ಜೋಡಣೆ ನೀರಿಗಿಂತ ಆಳೆತ್ತರ ಮೇಲೆ ಬರುವಂತೆ ಎಳೆದು ಕಟ್ಟಿದರು. ದುರಗೇಶ ಮತ್ತೆ ಮೇಲೆ ಹತ್ತಿ ಚಾಲೂ ಮಾಡಿದ. ಒಂದೊಂದು ತಂತಿಗೂ ಹನ್ನೊಂದು ಆಂಪಿಯರ್. ಮೂರೂ ಸೇರಿದರೆ ಸೊನ್ನೆ. ಫರ್ಜಾನಾ ನಾಲ್ಕು ಸಲ ನೋಡಿದಳು.

ಹಟ್ಟಿಗೆ ಹತ್ತುವಾಗ ಹೊತ್ತು ಮುಳುಗುತ್ತಿತ್ತು. ತೊಟ್ಟಿಗೆ ನೀರು ಧೋ ಎಂದು ಬೀಳುತ್ತಿತ್ತು, ಕುರಿಗಳು ಒಂದರ ಮೇಲೊಂದು ನುಗ್ಗುತ್ತಿದ್ದವು. ಹುಚ್ಚವ್ವ ಚರಿಗೆ ತುಂಬಿ ತಂದಳು. ಫರ್ಜಾನಾಳ ಸುಲಿದ ಕೈಗೆ ಹಿಡಿಯಲಾಗಲಿಲ್ಲ.

"ಮೋಟಾರ ಸತ್ತಿತ್ತೇನ ಯವ್ವಾ?" ಎಂದಳು ಹುಚ್ಚವ್ವ.

"ಇಲ್ಲಬೇ. ಯಾರೂ ಸತ್ತಿಲ್ಲ."

ಹುಚ್ಚವ್ವನಿಗೆ ಏನೂ ತಿಳಿಯಲಿಲ್ಲ. ಚರಿಗೆಯನ್ನು ತಾನೇ ಅವಳ ಬಾಯಿಗೆ ಹಿಡಿದಳು.