ಹಿಂಡಿ ಚೀಲದ ಗಂಟು

2018ರ ಫೆಬ್ರವರಿ 6, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಅಸುಂಡಿಯ ಫಕೀರಬಿ ಠಾಣೆಗೆ ಬಂದು, ಪಿಎಸ್‌ಐ ಕಳಕಪ್ಪನ ಮೇಜಿನ ಮೇಲೆ ಒಂದು ತಂಬಿಗೆ ಇಟ್ಟಳು. ಒಳಗಿದ್ದದ್ದು ಹಾಲು. ಆದರೆ ಅದು ಒಡೆದು ಗಟ್ಟಿಗಟ್ಟಿಯಾಗಿತ್ತು, ನಡುನಡುವೆ ರಕ್ತದ ಗೆರೆ.

"ಒಂದು ಎಮ್ಮಿ ಶುಕ್ರವಾರ ಸತ್ತತ್ರಿ. ಉಳದ ಇನ್ನೊಂದರ ಕೆಚ್ಚಲ ಕಲ್ಲಾಗೇತಿ. ಹಿಂಡ್ಯಾಗ ಯಾರೋ ಏನೋ ಕಲಸ್ಯಾರ ಸಾಹೇಬ್ರ."

ಎಮ್ಮೆಗೆ ಮೇವು ಹಾಕುವ ಗ್ವಾದಲಿ ತೊಳೆಯುವಾಗ ತಳದಲ್ಲಿ ಹಳದಿ ಪುಡಿ ಕಂಡಿತೆಂದು ಹೇಳಿದಳು. ಜೊತೆಗೆ ಬಂದಿದ್ದ ಪಶುವೈದ್ಯೆ ಡಾ. ಸುಶ್ಮಿತಾ ಉಳಿದದ್ದನ್ನು ವಿವರಿಸಿದರು. ಆ ಪುಡಿ ಔಷಧಿಯೇ ಇರಬೇಕು; ರೋಗಕ್ಕೆ ಕೊಡುವ ಔಷಧಿಯನ್ನು ದಿನಾ ಚೂರುಚೂರು ತಿನ್ನಿಸಿದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ನಿಜವಾದ ಬೇನೆ ಬಂದಾಗ ಸೂಜಿಮದ್ದು ನಾಟುವುದಿಲ್ಲ. ಅವರು ಕೊಟ್ಟ ಎರಡು ಬಗೆಯ ಸೂಜಿಯೂ ಕೆಲಸ ಮಾಡಿರಲಿಲ್ಲ. ಬೆಂಗಳೂರಿನ ಪ್ರಯೋಗಾಲಯದ ವರದಿಗೆ ಎಂಟು ದಿನ ಬೇಕು.

"ಎಮ್ಮಿಗೆ ಅಷ್ಟು ದಿನ ಇಲ್ಲ. ಆ ಪುಡಿಯೊಳಗ ಏನೇನ ಐತಿ ಅಂತ ಸಂಜಿಯೊಳಗ ತಿಳದ್ರ, ಅದನ್ನ ಬಿಟ್ಟು ಬ್ಯಾರೆ ಔಷಧ ಹಿಡೀತೇನಿ" ಎಂದರು.

ಎಮ್ಮೆಗಾಗಿ ಇಷ್ಟು ಓಡಾಡಿದರೆ ಮೇಲಿನವರು ನಕ್ಕಾರೇನೋ ಎಂಬ ಅಳುಕು ಕಳಕಪ್ಪನಿಗೆ ಇದ್ದೇ ಇತ್ತು. ಆದರೂ 10.15ಕ್ಕೆ ಎಫ್‌ಐಆರ್ ದಾಖಲಿಸಿ, ಪೇದೆ ಇನಾಯತನನ್ನು ಕರೆದುಕೊಂಡು ಜೀಪು ಹತ್ತಿದ.

ಅಸುಂಡಿಯ ಅಂಗಡಿಕಾರ ಕೈ ಚೆಲ್ಲಿದ. ಮೂರು ಕಡೆಯಿಂದ ಹಿಂಡಿ ಬರುತ್ತದೆ, ಚೀಲಗಳೆಲ್ಲ ಒಂದೇ ನಮೂನೆ, ಯಾವುದು ಯಾರದೆಂದು ತನಗೆ ತಿಳಿಯದು ಎಂದ. ಒಂದು ಚೀಲ ಬಿಚ್ಚಿದಾಗ ಹಿಂಡಿಯ ನಡುವೆ ಹಳದಿ ಪುಡಿ ಸಿಕ್ಕಿತು. ಕಳಕಪ್ಪ ಪಂಚನಾಮೆ ಬರೆದ. ಎಲ್ಲಿ ತಪ್ಪಿದೆನೋ ಎಂಬ ಸಂಶಯ ಅವನನ್ನು ಬಿಡುವುದಿಲ್ಲ. ಪಂಚರ ಎದುರು ಎರಡೆರಡು ಸಲ ಓದುತ್ತಾನೆ. ಎರಡನೆಯ ಸಲ ಓದುವಾಗ ಇನಾಯತ ತಡೆದ.

"ಯಂತ್ರದ ಹೊಲಿಗಿ ಅಂತ ಬರದೀರಿ ಸಾಹೇಬ್ರ. ಇದು ಕೈ ಹೊಲಿಗಿ."

ಬಿಸಾಡಿದ ದಾರವನ್ನು ಅವನು ಹೆಕ್ಕಿ ತಂದ. ಸೀರೆಯ ಅಂಚಿಗೆ ಬಳಸುವ ಕಡುಗೆಂಪು ನೂಲು; ತುಂಡುತುಂಡು ಜೋಡಿಸಿ ಹೊಸೆದದ್ದು. ಗಂಟುಗಳು ಎಳ್ಳಿನಷ್ಟು ಸಣ್ಣವು.

"ಮಗ್ಗದ ಮ್ಯಾಲ ಎಳಿ ಹರದಾಗ ಹಾಕೋ ಗಂಟ್ರಿ ಇದು. ನಮ್ಮಪ್ಪ ಬೆಟಗೇರಿ ನೇಕಾರ. ಕಣ್ಣು ಮುಚ್ಚಿ ಹಾಕ್ತೇನಿ ನಾನು."

ಕಳಕಪ್ಪ ತಪ್ಪಾಗಿ ಬರೆದ ಸಾಲನ್ನು ಹೊಡೆದು, ತಿದ್ದಿ, ಪಂಚರ ಸಹಿ ಹಾಕಿಸಿದ. ಜೀಪು ಬೆಟಗೇರಿಯ ಕಡೆ ಹಾರಿತು.

ಮಗ್ಗ ಬಿಟ್ಟು ಹಿಂಡಿ ವ್ಯಾಪಾರಕ್ಕೆ ಇಳಿದವರು ಯಾರೆಂದು ಇನಾಯತ ತಮ್ಮ ಓಣಿಯಲ್ಲಿ ವಿಚಾರಿಸಿದ. ಕೇಳಿದವರೆಲ್ಲ ಒಂದೇ ಹೆಸರು ಹೇಳಿದರು. ಮಧ್ಯಾಹ್ನ 2.10ಕ್ಕೆ ಇಬ್ಬರೂ ಸಿದ್ದಾರೂಢನ ಬಾಗಿಲಲ್ಲಿದ್ದರು.

"ಈ ಚೀಲ ಹೊಲದಾವ್ರು ಯಾರು?" ಕಳಕಪ್ಪ ಕೇಳಿದ.

"ಕಂಪನ್ಯಾಗ ಹೊಲದ ಬರ್ತಾವ್ರಿ."

"ಕಂಪನ್ಯಾಗ ಮಗ್ಗ ಹಾಕ್ಯಾರೇನು ಕಾಕಾ?" ಎಂದ ಇನಾಯತ.

 ಪಂಚರನ್ನು ಕರೆಸಿ ಮನೆ ಶೋಧಿಸಿದರು. ಅಟ್ಟ, ಕಪಾಟು, ಚೀಲದ ರಾಶಿ. ಎಲ್ಲೂ ಏನೂ ಇಲ್ಲ. ಗಡಿಯಾರ ಮೂರು ತೋರಿಸುತ್ತಿತ್ತು. ಸುಳ್ಳೇ ಒಬ್ಬ ಮರ್ಯಾದಸ್ಥನ ಮನೆ ಹೊಕ್ಕೆನೇ ಎಂದು ಕಳಕಪ್ಪ ಪಂಚನಾಮೆಯನ್ನು ಮತ್ತೆ ತೆಗೆದು ಓದಿದ. ಇನಾಯತ ಮಾತ್ರ ನಡುಮನೆಯಲ್ಲಿ ನಿಂತು ನೆಲ ನೋಡುತ್ತಿದ್ದ.

"ಮಗ್ಗ ಮಾರ್ಯಾನ ಸಾಹೇಬ್ರ, ಕುಣಿ ಎಲ್ಲಿ ಹೋಗತೈತಿ?"

ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಅದು. ಜಮಖಾನೆ ಸರಿಸಿ, ಹಲಗೆ ಎತ್ತಿದರು. ಒಳಗೆ ಔಷಧಿ ಪೊಟ್ಟಣಗಳ ಎರಡು ಡಬ್ಬಿ!

ಕಳಕಪ್ಪ ಡಾಕ್ಟರಿಗೆ ಫೋನು ಹಚ್ಚಿ, ಪೊಟ್ಟಣದ ಮೇಲಿನ ಹೆಸರುಗಳನ್ನು ಒಂದೊಂದೇ ಅಕ್ಷರ ಓದಿದ. ತಪ್ಪಿದ್ದೀತೆಂದು ಮತ್ತೊಮ್ಮೆ ಓದಿದ.

"ನಾ ಕೊಟ್ಟ ಎರಡೂ ಅದರಾಗ ಅದಾವು" ಎಂದರು ಸುಶ್ಮಿತಾ. "ಅದರಾಗ ಇಲ್ಲದ ಮೂರನೇದು ನನ್ನ ಕಡೆ ಐತಿ. ಹೊಂಟೆ ನಾನು."

3.50ಕ್ಕೆ ಸಿದ್ದಾರೂಢನ ಬಂಧನವಾಯಿತು. ಠಾಣೆಯಲ್ಲಿ ಅವನು ತಾನಾಗಿಯೇ ಹೇಳಿಕೆ ಕೊಟ್ಟ. ವ್ಯಾಪಾರ ಹಿಡಿದ ಮೊದಲ ವರ್ಷ ಯಾರದೋ ಆಕಳು ಯಾವುದೋ ಬೇನೆಗೆ ಸತ್ತಿತ್ತು. ಆ ಮನೆಯವರು ಉಳಿದ ಹಿಂಡಿಯನ್ನು ತಂದು ಅವನ ಹೊಸ್ತಿಲ ಮೇಲೆ ಸುರಿದು ಹೋದರು. ಓಣಿಯೆಲ್ಲ ನಿಂತು ನೋಡಿತು. ಇನ್ನು ತನ್ನ ಹಿಂಡಿ ತಿಂದ ದನ ಬೇನೆ ಬೀಳಲೇಬಾರದೆಂದು ಅಂದಿನಿಂದ ಚೀಲ ಬಿಚ್ಚಿ, ಒಂದು ಹಿಡಿ ಪುಡಿ ಬೆರೆಸಿ, ಕೈಯಿಂದ ಮತ್ತೆ ಹೊಲಿಯತೊಡಗಿದ.

"ಮಂದಿಗೆ ಯಾಕ ಹೇಳಲಿಲ್ಲ?" ಕಳಕಪ್ಪ ಕೇಳಿದ.

"ಹೇಳಿದ್ರ, ನಿನ್ನ ಹಿಂಡ್ಯಾಗ ಏನೋ ದೋಷ ಐತಿ ಅಂತಿದ್ರು."

ಸಂಜೆ 6.35ಕ್ಕೆ ಡಾಕ್ಟರ ಫೋನು ಬಂತು. ಎಮ್ಮೆಯ ಜ್ವರ ಇಳಿಯತೊಡಗಿದೆ, ಫಕೀರಬಿಯ ಕೈಯಿಂದ ಎರಡು ಕಟ್ಟು ಹುಲ್ಲು ತಿಂದಿದೆ. ಕೆಚ್ಚಲು ಉಳಿಯುವುದೋ ಇಲ್ಲವೋ ನಾಳೆ ತಿಳಿಯುತ್ತದೆ, ಜೀವಕ್ಕಂತೂ ಭಯವಿಲ್ಲ.

ಕೇಳಿಸಿಕೊಳ್ಳುತ್ತಿದ್ದ ಸಿದ್ದಾರೂಢ ಎದ್ದು ನಿಂತ.

"ಸಾಹೇಬ್ರ, ಹಿತ್ತಲದಾಗ ನಮ್ಮ ಆಕಳ ಐತ್ರಿ. ಅದರ ಕೆಚ್ಚಲಾನೂ ಹಂಗ ಬಾತೇತಿ. ನಾಕ ದಿನದಿಂದ ಎರಡೆರಡು ಹಿಡಿ ಪುಡಿ ಹಾಕಾಕತ್ತೇನಿ. ಇಳೀವಲ್ತು."

ಕಳಕಪ್ಪ ಇನ್ನೂ ಇಡದಿದ್ದ ಫೋನನ್ನು ಮತ್ತೆ ಕಿವಿಗೆ ಒತ್ತಿ, ಬೆಟಗೇರಿಯ ಆ ಮನೆಯ ವಿಳಾಸ ಹೇಳತೊಡಗಿದ.